ಹೊಸ ಗಾಡಿ ಮೊದ್ಲು ಚಂದ ಕಾಣಂಗಿಲ್ಲ, ಆಮ್ಯಾಲ ಯಾಕ್ ಕಾಣ್ತದ? ಪದೇ ಪದೇ ಕೇಳೋ ಪ್ರಶ್ನೆಗಳು

ಕಲಬುರಗಿದಾಗ ನಂದು ಸೀಟ್ ಕವರ್, ಫ್ಲೋರ್ ಮ್ಯಾಟ್, ಸ್ಟೇರಿಂಗ್ ಕವರ್ ಹಾಕೋ ಸಣ್ಣ ಅಂಗಡಿ ಅದ. ಹೊಸ ಗಾಡಿ ಶೋರೂಮಿಂದ ಹೊರಗ ಬಂತಂದ್ರ ಸೀದಾ ಅಪ್ಪನ ಗುಡಿಗೆ, ಅಂದ್ರ ಶರಣಬಸವೇಶ್ವರ ಗುಡಿಗೆ ಹೋಗ್ತದ, ನಾಕೂ ಗಾಲಿಗೆ ನಿಂಬಿಹಣ್ಣು ಇಟ್ಟು ತುಳಿಸಿ ಪೂಜಿ ಮುಗಸ್ಕೊಂಡು ಅಲ್ಲಿಂದ ನಮ್ಮ ಅಂಗಡಿಗೇ ಬರ್ತದ. ಹಂಗಾಗಿ ಮಂದಿ ಹೊಸ ಗಾಡಿ ಬಗ್ಗೆ ಮೊದಲ್ನೇ ದಿನ ಏನ್ ಅಂತಾರ ಅನ್ನೋದೂ ಕೇಳ್ತೀನಿ, ಮೂರ್ ನಾಕ್ ವರ್ಷಕ್ಕ ಕವರ್ ಹರದು ಮತ್ತ ಬಂದಾಗ ಏನ್ ಅಂತಾರ ಅನ್ನೋದೂ ಕೇಳ್ತೀನಿ, ಎರಡು ಮಾತು ಒಂದೇ ಇದ್ದಿದ್ದು ಅಪರೂಪ. ಗಿರಾಕಿಗಳು, ಡ್ರೈವರ್ ಹುಡುಗುರು, ನಮ್ಮ ಬೀಗರು ಕೇಳಿದ್ದೇ ಕೇಳ್ತಾರ, ಅದಕ್ಕ ಒಂದ್ ಕಡಿ ಬರದು ಇಟ್ಟೀನಿ.

ಹೊಸ ಮಾಡೆಲ್ ಬಂದ ಕೂಡ್ಲೇ ಎಲ್ಲಾರೂ "ಏನ್ರೀ ಇದು, ಮಾರಿ ಹಿಂಗ್ಯಾಕ ಮಾಡ್ಯಾರ" ಅಂತಾರಲ್ಲ, ಯಾಕ?

ಕಣ್ಣಿಗೆ ರೂಢಿ ಇರಂಗಿಲ್ಲ, ಅದಕ್ಕ. ಗಾಡಿ ಮಾರಿ ಅಂದ್ರ ನಮಗ ಮನುಷ್ಯಾನ ಮಾರಿ ಇದ್ದಂಗೇ, ಹೆಡ್‌ಲೈಟ್ ಎರಡು ಕಣ್ಣು, ಗ್ರಿಲ್ ಬಾಯಿ. ಕಣ್ಣು ಇರೋ ಜಾಗದಾಗ ಒಂದು ಸಣ್ಣ ಗೆರಿ ಲೈಟ್ ಕೊಟ್ಟು, ಖರೇ ಲೈಟ್ ಕೆಳಗ ಬಂಪರ್‌ದಾಗ ಇಟ್ರ ಯಾರಿಗಾದ್ರೂ ಒಂದ್ ಕ್ಷಣ ಗಲಿಬಿಲಿ ಆಗೇ ಆಗ್ತದ. ಅಮೇರಿಕಾದಾಗ ರಾಬರ್ಟ್ ಝಯಾನ್ಸ್ ಅಂತ ಮನಶ್ಶಾಸ್ತ್ರದವರೊಬ್ಬರು 1968 ದಾಗ ಇದನ್ನೇ ತೋರಿಸಿದ್ರು, ಅರ್ಥ ಇಲ್ಲದ ಶಬ್ದ, ಗೊತ್ತಿಲ್ಲದ ಲಿಪಿ ಅಕ್ಷರ, ಪರಿಚಯ ಇಲ್ಲದವ್ರ ಫೋಟೋ, ಏನೇ ಇರ್ಲಿ, ಮಂದಿಗೆ ಹೆಚ್ಚು ಸಲ ತೋರಿಸಿದ್ದು ಹೆಚ್ಚು ಸೇರ್ತದ, ಕಾರಣ ಕೇಳಿದ್ರ ಹೇಳಾಕ ಬರಲ್ಲ.

ನಮ್ಮ ಊರಿನ ಹೆಸರೇ ತಗೋರಿ. 2014 ನವೆಂಬರ್ 1 ಕ್ಕ ಗುಲ್ಬರ್ಗಾ ಹೋಗಿ ಕಲಬುರಗಿ ಆಯ್ತು. ಹಳ್ಳಿ ಮಂದಿ ಬಾಯಾಗ ಮೊದಲಿಂದ ಕಲಬುರಗಿನೇ ಇತ್ತು ಬಿಡ್ರಿ, ಆದ್ರ ಬೋರ್ಡ್ ಮ್ಯಾಲ, ಟಿಕೆಟ್ ಮ್ಯಾಲ ಅದನ್ನ ಓದಾಕ ನನಗಂತೂ ಒಂದ್ ವರ್ಷ ಸರಿ ಅನಿಸ್ಲಿಲ್ಲ. ಈಗ ಹಳೇ ಬಿಲ್ ಬುಕ್ ಮ್ಯಾಲ ಗುಲ್ಬರ್ಗಾ ಅಂತ ಕಂಡ್ರ ಅದೇ ಬ್ಯಾರೇ ಊರಿನ ಹೆಸರು ಅನಿಸ್ತದ. ಅಕ್ಷರ ಏನೂ ಬದಲಾಗಿಲ್ಲ, ನನ್ ಕಣ್ಣು ಬದಲಾಗ್ಯಾದ.

ಹಂಗಾದ್ರ ನೋಡ್ತಾ ನೋಡ್ತಾ ಎಲ್ಲಾ ಗಾಡಿನೂ ಚಂದ ಕಾಣ್ತಾವೇನು?

ಇಲ್ಲ ಇಲ್ಲ, ಅಷ್ಟು ಸಸ್ತಾ ಅಲ್ಲ. ಕ್ಲಾಸ್-ಕ್ರಿಶ್ಚಿಯನ್ ಕಾರ್ಬನ್, ಹೆಲ್ಮುಟ್ ಲೇಡರ್ ಅನ್ನೋ ಇಬ್ಬರು ಸಂಶೋಧಕರು 2005 ದಾಗ ಕಾರಿನ ಒಳಗಿನ ಡಿಸೈನ್ ಇಟ್ಕೊಂಡೇ ಒಂದು ಪ್ರಯೋಗದ ಲೇಖನ ಬರದಾರ. ಕೆಲವು ಡಿಸೈನ್ ರೂಢಿ ಇದ್ದಂಥಾವು, ಕೆಲವು ಏಕ್ದಮ್ ಹೊಸಾವು. ಮೊದ್ಲಿಗೆ ಮಂದಿ ರೂಢಿ ಇದ್ದಂಥಾವಕ್ಕೇ ಹೆಚ್ಚು ಮಾರ್ಕ್ಸ್ ಕೊಟ್ರು, ಆದ್ರ ಬರೀ ತೋರಿಸಿ ಬಿಡ್ಲಿಲ್ಲ, ಇದು ಎಷ್ಟ್ ಆರಾಮ ಕಾಣ್ತದ, ಎಷ್ಟ್ ಹೊಸದು ಕಾಣ್ತದ ಅಂತ ಒಂದೊಂದನ್ನೂ ತಿರುಗಿ ತಿರುಗಿ ಕೇಳಿ ತೂಗಿಸಿದ್ರು. ಅಷ್ಟ್ ಮಾಡಿದ ಮ್ಯಾಲ ಹೊಸ ನಮೂನಿ ಡಿಸೈನ್‌ಗಳು ಮ್ಯಾಲ ಬಂದ್ವು.

ಇದು ಓದಿದಾಗ ನನಗ ಅಂಗಡಿ ಮುಂದಿನ ಹಕೀಕತ್ತೇ ಯಾರೋ ಬರದಾರ ಅನಿಸ್ತು. ಮೊದಲ್ನೇ ದಿನ ಎಲ್ಲಾರ ಕಣ್ಣಿಗೂ ಚಂದ ಕಂಡ ಗಾಡಿ ಮೂರು ವರ್ಷಕ್ಕ ಬ್ಯಾಸರ ಬರ್ತದ, ಮೊದಲ್ನೇ ದಿನ ಜಗಳ ಹಚ್ಚಿದ ಗಾಡಿ ಮೂರು ವರ್ಷ ಆದ್ರೂ ಹೊಸದೇ ಕಾಣ್ತದ. ಆದ್ರ ಖರೇನೇ ಅಳತಿ ತಪ್ಪಿ ಮಾಡಿದ್ದು ಎಷ್ಟ್ ಸಲ ನೋಡಿದ್ರೂ ತಪ್ಪೇ. ಅಮೇರಿಕಾದ ಪೊಂಟಿಯಾಕ್ ಅಜ್ಟೆಕ್ ಅಂತ ಒಂದು 2001 ರ ಮಾಡೆಲ್, ಅದರ ಫೋಟೋ ಒಮ್ಮಿ ನೋಡ್ರಿ, ಇಪ್ಪತ್ತೈದು ವರ್ಷ ಆದ್ರೂ ಕೆಟ್ಟ ಗಾಡಿಗಳ ಲಿಸ್ಟ್ ಯಾರೇ ಮಾಡ್ಲಿ, ಅದರಾಗ ಅದು ಇರ್ತದ.

ಇನ್ನೊಂದು ಫರಕ್ ಅದ, ಇದನ್ನ ನಾ ಎಲ್ಲಾರಿಗೂ ಹೇಳ್ತೀನಿ. ನೋಡೋದು ಬ್ಯಾರೆ, ಬಳಸೋದು ಬ್ಯಾರೆ. ಕಣ್ಣಿಗೆ ಚುಚ್ಚಿದ್ದು ರೂಢಿ ಆಗ್ತದ. ಮೊಳಕಾಲಿಗೆ, ಕುತ್ತಿಗಿಗೆ, ಬೆರಳಿಗೆ ಚುಚ್ಚಿದ್ದು ರೂಢಿ ಆಗಂಗಿಲ್ಲ, ದಿನಾ ಬೆಳೀತದ.

ನಮ್ಮ ಕಡಿ ಹಿಂಗ ಬೈಸ್ಕೊಂಡು ಆಮ್ಯಾಲ ಹೆಸರು ಮಾಡಿದ ಗಾಡಿ ಯಾವು?

ಮೊದ್ಲು ಸ್ಯಾಂಟ್ರೋ. 1998 ಸೆಪ್ಟೆಂಬರ್‌ದಾಗ ಬಂತು, ಕಂಪನಿದವ್ರು ಟಾಲ್ ಬಾಯ್ ಅಂತ ಕರದ್ರು. ಆಗ ಸಣ್ಣ ಕಾರು ಅಂದ್ರ ಮಾರುತಿ 800, ಝೆನ್, ಎಲ್ಲಾ ತಗ್ಗು. ಅವುಗಳ ಬಾಜು ಇದು ಬಂದು ನಿಂತ್ರ ಟೊಪ್ಪಿಗಿ ಹಾಕ್ಕೊಂಡವ್ರಂಗ ಕಾಣ್ತಿತ್ತು, ಮಂದಿ ನಕ್ಕರು. ಶಾರುಖ್ ಖಾನ್ ಜಾಹೀರಾತು ಬಂತು ಅದು ಬ್ಯಾರೆ ಮಾತು, ಆದ್ರ ಜಾಹೀರಾತಿಂದ ಒಂದ್ ಸಲ ಕೂಡಬಹುದು, ದಿನಾ ಕೂಡ್ಬೇಕಂದ್ರ ಗಾಡಿನೇ ಛಲೋ ಇರ್ಬೇಕಲ್ಲ.

ಆಮ್ಯಾಲ ವ್ಯಾಗನ್ ಆರ್, 1999 ಡಿಸೆಂಬರ್. ಜಪಾನ್‌ದಾಗ 1993 ರಿಂದಾನೇ ಓಡ್ತಿತ್ತು, ಇಲ್ಲಿ ಬಂದಾಗ ಅದಕ್ಕ ಬಿದ್ದ ಹೆಸರು ಡಬ್ಬಿ. ನಮ್ಮ ಕಾಕಾ ಒಂದು ಸೆಕೆಂಡ್ ಹ್ಯಾಂಡ್ ತಂದಿದ್ದ. ಮುತ್ಯಾ ಕಟ್ಟಿ ಮ್ಯಾಲ ಕೂತು ನೋಡಿ "ಇದೇನ್ ತಂದೀಯೋ, ಎಣ್ಣಿ ಡಬ್ಬಿಗೆ ಗಾಲಿ ಹಚ್ಚ್ಯಾರ" ಅಂದ. ಅದಕ್ಕೂ ಮೊದ್ಲು ಕಾಕಾನ ಬಲ್ಲಿ ಒಂದು ತಗ್ಗಿನ ಕಾರಿತ್ತು, ಅದರಾಗ ಕೂಡ್ಬೇಕಾದ್ರ ಮುತ್ಯಾ ರುಮಾಲು ತಗದು ತೊಡಿ ಮ್ಯಾಲ ಇಟ್ಕೋಬೇಕು, ಇಳಿಯಾಗ ಮತ್ತ ಸುತ್ಕೋಬೇಕು. ಮನಿ ಹೊರಗ ರುಮಾಲು ತಗಿಯೋದಂದ್ರ ಅಂಥ ಹಿರಿಯರಿಗೆ ಮರ್ಯಾದಿ ಪ್ರಶ್ನೆ, ಹಂಗಾಗಿ ಕಾರ್ ಬಂದ್ರೂ ಮುತ್ಯಾ ಬಸ್ಸಿಗೇ ಹೋಗ್ತಿದ್ದ. ಈ ಡಬ್ಬಿದಾಗ ಗಾಣಗಾಪುರಕ್ಕ ಕರ್ಕೊಂಡ್ ಹೋದ್ವಿ. ಬಾಗಲಾ ತಗದ್ವಿ, ಮುತ್ಯಾ ಬಗ್ಗಲಿಲ್ಲ, ಹೊರಸಿನ ಮ್ಯಾಲ ಕೂಡೋರಂಗ ಹಿಂದ ಸರದು ಕೂತ, ಕಾಲು ಒಳಗ ತಗೊಂಡ, ಒಂದ್ ಕೈಯಿಂದ ರುಮಾಲು ಮುಟ್ಟಿ ನೋಡ್ಕೊಂಡ, ಮ್ಯಾಲ ಛತ್ತಿಗೆ ಇನ್ನೂ ನಾಕ್ ಬೆರಳು ಜಾಗ ಇತ್ತು. ಏನೂ ಅನ್ಲಿಲ್ಲ. ವಾಪಸ್ ಬಂದ ಮ್ಯಾಲ ಓಣ್ಯಾಗ ಯಾರೋ "ಡಬ್ಬಿ ಹ್ಯಾಂಗದ ಮುತ್ಯಾ" ಅಂದ್ರ ಅವ್ರಿಗೆ ಸಿಟ್ಟಿಲೆ "ಯಾರಿಗ್ ಡಬ್ಬಿ ಅಂತೀ" ಅಂದ.

ಕ್ವಾಲಿಸ್ ಕಥಿ ಉಲ್ಟಾ. 2000 ದಾಗ ಬಂದಾಗೇ ಅದು ಹಳೇ ಕಾಲದ ಗಾಡಿಯಂಗ ಕಾಣ್ತಿತ್ತು, ಟೊಯೋಟಾದವ್ರು ಬ್ಯಾರೇ ದೇಶದಾಗ ಮಾರಿ ಮುಗಸಿದ ಡಿಸೈನ್ ತಂದು ಇಲ್ಲಿ ಇಳಿಸ್ಯಾರ ಅಂತ ಪೇಪರ್‌ದವ್ರು ಬರದ್ರು. ಐದು ವರ್ಷದಾಗ ಟ್ರಾವೆಲ್ಸ್‌ದವ್ರು ಅದನ್ನ ದೇವ್ರ ಮಾಡಿದ್ರು. 2005 ದಾಗ ಅದನ್ನ ಬಂದ್ ಮಾಡಿ ಇನ್ನೋವಾ ತಂದ್ರ ಡ್ರೈವರ್ ಮಂದಿ ಇನ್ನೋವಾಗೆ ಬೈದ್ರು, ಇದು ದುಂಡಗ ಅದ, ಇಷ್ಟ್ ರೊಕ್ಕ ಯಾರ್ ಕೊಡ್ತಾರ ಅಂತ. ಈಗ ಬೀದರ್ ಹುಮನಾಬಾದ್ ಕಡಿ ಹೋಗಿ ಹಳೇ ಇನ್ನೋವಾ ಮಾರ್ತೀರೇನ್ರಿ ಅಂತ ಕೇಳಿ ನೋಡ್ರಿ.

2020 ರ ಕ್ರೇಟಾ ಬಂದಾಗ ಎಲ್ಲಾರೂ ನಕ್ಕಿದ್ರು, ಈಗ ಯಾರೂ ಏನೂ ಅನ್ನಂಗಿಲ್ಲ. ಏನಾಯ್ತು?

ಇದು ನನಗ ಭಾಳ ಸೇರೋ ಪ್ರಶ್ನೆ. 2015 ರ ಮೊದಲ್ನೇ ಕ್ರೇಟಾ ಸಭ್ಯಸ್ಥ ಗಾಡಿ, ಯಾರಿಗೂ ತಕರಾರಿಲ್ಲ. 2020 ಮಾರ್ಚ್‌ದಾಗ ಎರಡನೇದ್ದು ಬಂತು, ಲೈಟು ಎರಡು ಪಾಲು, ಸುತ್ತ ಬಿಳಿ ಎಲ್‌ಇಡಿ ಗೆರಿ. ಆ ವರ್ಷ ದಸರಾ ಹೊತ್ತಿಗೆ ಸೇಡಂ ಕಡಿಂದ ಒಬ್ಬ ಮೇಷ್ಟ್ರು ಹೊಸಾದು ತಂದಿದ್ರು, ಬಿಳಿದು. ಸೀಟ್ ಕವರ್ ಆದ ಮ್ಯಾಲ ನನ್ನ ಬಾಜು ಕರದು, ಮೆಲ್ಲಕ, ಹೆಂಡ್ತಿಗೆ ಕೇಳಬಾರದಂಗ, "ತಮ್ಮಾ, ಈ ಲೈಟಿನ ನಡಬರಕ ಕ್ರೋಮ್ ಪಟ್ಟಿ ಹಚ್ಚಿ ಎರಡೂ ಒಂದೇ ಕಂಡಂಗ ಮಾಡಾಕ ಬರ್ತದೇನು" ಅಂದ್ರು. ಬರ್ತದ ಅಂತ ಮಾಡಿ ಕೊಟ್ಟೆ, ಧಂಧೆ ಅಲ್ಲೇನ್ರಿ.

2023 ಬ್ಯಾಸಿಗ್ಯಾಗ ಅದೇ ಮೇಷ್ಟ್ರು ಅದೇ ಗಾಡಿ ತಂದು "ಇದನ್ಯಾಕ ಹಚ್ಚೀಯೋ ಮಾರಾಯಾ, ಲುಕ್ಕೇ ಕೆಟ್ಟದ, ತಗದು ಹಾಕು" ಅಂದ್ರು. ಹಚ್ಚು ಅಂದವ್ರು ತಾವೇ ಅನ್ನೋದು ಅವ್ರಿಗೆ ನೆನಪೇ ಇಲ್ಲ! ಮೂರು ವರ್ಷ ಬಿಸಲಾಗ ಕಾದ ಗಮ್ ಅದು, ಹೇರ್ ಡ್ರೈಯರ್ ಹಿಡದು ಬಿಸಿ ಮಾಡಿ, ನೈಲಾನ್ ದಾರಾ ಪಟ್ಟಿ ಹಿಂದ ತೂರಿಸಿ ಕೊಯ್ದಂಗ ಎಳದು ಎಳದು ತಗದೀವಿ, ಒಂದ್ ತಾಸು ಹೋಯ್ತು, ಪಟ್ಟಿ ಇದ್ದ ಜಾಗದಾಗ ಪೇಂಟ್ ಹೊಸದೇ ಉಳದು ಸುತ್ತಲಿಂದು ಮಾಸಿ ಒಂದು ಗುರ್ತು ಕೂತದ. 2024 ಜನವರಿದಾಗ ಕಂಪನಿ ಮತ್ತ ಮಾರಿ ಬದಲಾಯಿಸ್ತು. ಮೇಷ್ಟ್ರು ಏನ್ ಅಂದಿರ್ತಾರ ನೀವೇ ಹೇಳ್ರಿ. "ನಂದೇ ಛಲೋ ಇತ್ತು, ಇದೇನ್ ಅಡ್ಡ ಪಟ್ಟಿ ಲೈಟು."

ಮೂರು ವರ್ಷದಾಗ ಏನಾಯ್ತಂದ್ರ ರೋಡ್ ಮ್ಯಾಲ ಅಂಥಾವೇ ಗಾಡಿ ತುಂಬಿದ್ವು, ಬ್ಯಾರೆ ಕಂಪನಿದವ್ರೂ ಲೈಟ್ ಎರಡು ಪಾಲು ಮಾಡಿದ್ರು. ಟಾಟಾದವ್ರ 2019 ರ ಹ್ಯಾರಿಯರ್‌ದಾಗ ಆಗ್ಲೇ ಮ್ಯಾಲ ಗೆರಿ ಲೈಟ್, ಕೆಳಗ ಹೆಡ್‌ಲೈಟ್ ಇತ್ತು. ಎಲ್ಲಾರ ಮಾರಿನೂ ಹಂಗೇ ಆದ ಮ್ಯಾಲ ವಿಚಿತ್ರ ಯಾವುದಕ್ಕಂತ ಅನ್ನೋದು.

ಫಾರಿನ್ ಮಂದಿನೂ ಹಿಂಗೇನಾ?

ಅವ್ರೂ ಹಿಂಗೇ. ಬಿಎಂಡಬ್ಲ್ಯೂ 2001 ದಾಗ ಹೊಸ 7 ಸೀರೀಸ್ ತಂದಾಗ ಹಿಂದಿನ ಡಿಕ್ಕಿ ಮ್ಯಾಲ ಇನ್ನೊಂದು ಮುಚ್ಚಳ ಇಟ್ಟಂಗಿತ್ತು, ಡಿಸೈನ್ ಮುಖ್ಯಸ್ಥ ಕ್ರಿಸ್ ಬ್ಯಾಂಗಲ್‌ನ ಕೆಲಸದಿಂದ ತಗೀರಿ ಅಂತ ಮಂದಿ ಇಂಟರ್ನೆಟ್‌ದಾಗ ಸಹಿ ಸಂಗ್ರಹ ಮಾಡಿದ್ರು. ಗಾಡಿ ಛಲೋತ್ನಾಗೇ ಮಾರ್ತು, ಆಮ್ಯಾಲ ಅಂಥ ಡಿಕ್ಕಿ ಬ್ಯಾರೆಯವ್ರ ಗಾಡ್ಯಾಗೂ ಬಂತು. ಬ್ರಿಟನ್‌ದಾಗ ಫೋರ್ಡ್ 1982 ದಾಗ ಚೌಕಾಕಾರದ ಕಾರ್ಟಿನಾ ಬಿಟ್ಟು ದುಂಡಗಿನ ಸಿಯೆರಾ ತಂದ್ರ ಅದಕ್ಕ ಜೆಲ್ಲಿ ಅಚ್ಚು ಅಂತ ಹೆಸರಿಟ್ರು, ಹತ್ತು ವರ್ಷದಾಗ ಅಲ್ಲಿನ ಎಲ್ಲಾ ಗಾಡಿನೂ ದುಂಡಗ ಆದ್ವು. ಮೊದಲ್ನೇ ದಿನಾನೇ ಗೆದ್ದವೂ ಅವ, ಫ್ರಾನ್ಸ್‌ದ ಸಿತ್ರೋಯೆನ್ ಡಿಎಸ್ 1955 ರ ಪ್ಯಾರಿಸ್ ಪ್ರದರ್ಶನದಾಗ ಒಂದೇ ದಿನಕ್ಕ 12,000 ಬುಕಿಂಗ್ ತಗೊಂಡಿತ್ತು, ಅಂಥಾದ್ದು ನೂರಕ್ಕ ಒಂದು.

ಅಭಿಪ್ರಾಯ ಬದಲಾಗಾಕ ಎಷ್ಟ್ ದಿನ ಬೇಕು?

ಲೆಕ್ಕ ಇಲ್ಲ, ನನ್ನ ಅಂದಾಜು ಹೇಳ್ತೀನಿ. ಮೊಬೈಲ್‌ದಾಗ ಫೋಟೋ ನೋಡಿದಾಗ ಇರೋ ಅಭಿಪ್ರಾಯಕ್ಕ ಬೆಲಿನೇ ಇಲ್ಲ, ಫೋಟೋದಾಗ ಗಾಡಿ ಎತ್ತರ ಅಗಲ ತಿಳಿಯಂಗಿಲ್ಲ. ಶೋರೂಮ್‌ದಾಗ ಲೈಟಿನ ಕೆಳಗ ನೋಡಿದಾಗ ಅರ್ಧ ಬದಲಾಗ್ತದ. ಖರೆ ಬದಲಾಗೋದು ಬಾಜು ಮನಿಯವ್ರು ತಂದಾಗ! ಹೊಟ್ಟಿಕಿಚ್ಚಿಂದಲೋ ದಿನಾ ಕಣ್ಣಿಗೆ ಬಿದ್ದೋ, ಆರು ತಿಂಗಳಾಗ "ಅಷ್ಟೇನ್ ಕೆಟ್ಟಿಲ್ಲ ಬಿಡ್ರಿ" ಅಂತಾರ. ತಗೊಂಡವ್ರದ್ದು ಇನ್ನೂ ಜಲ್ದಿ, ರೊಕ್ಕ ಕೊಟ್ಟ ಮ್ಯಾಲ ತನ್ನ ಗಾಡಿ ಚಂದಿಲ್ಲ ಅಂತ ಯಾರ್ ಒಪ್ತಾರ.

ಟ್ಯಾಕ್ಸಿ ಆಗಿಬಿಟ್ರ ಗಾಡಿ ಮರ್ಯಾದಿ ಹೋಗ್ತದ ಅಂತಾರ, ಖರೆ ಏನು?

ಖರೆ, ಭಾಳ ನೋಡೀನಿ. ಇಂಡಿಕಾ 1998 ದಾಗ ಬಂದಾಗ ನಮ್ಮ ದೇಶದವ್ರೇ ಮಾಡಿದ ಕಾರು, ಇಟಲಿ ಡಿಸೈನ್ ಸ್ಟುಡಿಯೋದವ್ರು ಗೆರಿ ಎಳದಿದ್ದು, ಅಂಥ ಚಂದದ ಗಾಡಿ ಅಂತ ಹೊಗಳಿದ್ರು. ಡೀಸೆಲ್ ಇಂಡಿಕಾ ಹಳದಿ ನಂಬರ್ ಪ್ಲೇಟ್ ಹಾಕ್ಕೊಂಡು ಸ್ಟೇಷನ್ ಮುಂದ ಸಾಲಾಗಿ ನಿಂತ ಮ್ಯಾಲ ಅದೇ ಗೆರಿ ಯಾರ್ ಕಣ್ಣಿಗೂ ಚಂದ ಕಾಣ್ಲಿಲ್ಲ. ಇಟಿಯಾಸ್ ಇನ್ನೂ ಪಾಪ, 2010 ದಾಗ ಬಂದಾಗಿಂದ್ಲೂ ಸಾದಾ ಅಂತ ಬೈಸ್ಕೊಂಡಿದ್ದೇ, ಸ್ಪೀಡ್ ಮೀಟರ್ ಡ್ಯಾಶ್‌ಬೋರ್ಡ್ ನಡುವ ಇಟ್ಟಿದ್ರು, ಡ್ರೈವರ್ ಬಾಜು ಕೂತ ಹೆಂಡ್ತಿ ಸ್ಪೀಡ್ ನೋಡಿ ಬೈತಾಳ ಅಂತ ಒಬ್ಬ ಗಿರಾಕಿ ತಗೊಳ್ಳೇ ಇಲ್ಲ. 2020 ದಾಗ ಬಂದ್ ಆಯ್ತು. ಈಗ ನಮ್ಮ ಡ್ರೈವರ್ ಹುಡುಗುರ ಬಾಯಾಗ ಅದರ ಬಗ್ಗೆ ಒಂದು ಕೆಟ್ಟ ಮಾತಿಲ್ಲ, ಯಾಕಂದ್ರ ಅವ್ರು ನೋಡಾಕ ತಗೊಂಡಿದ್ದಲ್ಲ, ದಿನಾ ಓಡಿಸಾಕ ತಗೊಂಡಿದ್ದು.

ಟಚ್ ಸ್ಕ್ರೀನ್ ಬಗ್ಗೆ ಮಂದಿ ಅಭಿಪ್ರಾಯ ಯಾಕ್ ಉಲ್ಟಾ ಆಗ್ಲಿಕ್ಕತ್ತದ?

ಇಲ್ಲೇ ನಾ ಮ್ಯಾಲ ಹೇಳಿದ ನೋಡೋದು ಬಳಸೋದು ಲೆಕ್ಕ ಬರ್ತದ. ಡೆಲಿವರಿ ದಿನ ದೊಡ್ಡ ಸ್ಕ್ರೀನ್ ಕಂಡ್ರ ಮನಿ ಮಂದಿ ಎಲ್ಲಾ ಬೆರಳಾಡಿಸಿ ಖುಷಿ ಪಡ್ತಾರ, ಟಿವಿ ಇದ್ದಂಗದ ಅಂತಾರ. ಎರಡು ವರ್ಷಕ್ಕ ಅದೇ ಮಂದಿ "ಎಸಿಗೆ ಒಂದು ತಿರುವೋ ಗುಂಡಿ ಕೊಟ್ಟಿದ್ರ ಸತ್ತು ಹೋಗ್ತಿದ್ರೇನು" ಅಂತಾರ.

ನನಗೇ ಆಗಿದ್ದು ಹೇಳ್ತೀನಿ, ಗಾಡಿ ಹೆಸರು ಬ್ಯಾಡ. ಗೆಳೆಯಾನ ಹೊಸ ಗಾಡಿ ತಗೊಂಡು ರಾತ್ರಿ ಜೇವರ್ಗಿ ಕಡಿಂದ ಬರ್ಲಿಕ್ಕತ್ತಿದ್ದೆ, ಜೋರ್ ಮಳಿ, ಒಳಗ ನಾಕ್ ಮಂದಿ, ಭೀಮಾ ಸೇತುವೆ ಹತ್ರ ಬರೋದ್ರಾಗ ಮುಂದಿನ ಗ್ಲಾಸ್ ಪೂರಾ ಮಂಜು ಕಟ್ಟ್ತು. ನನ್ನ ಹಳೇ ಗಾಡ್ಯಾಗ ಕೈ ತಾನೇ ಹೋಗಿ ಗುಂಡಿ ತಿರುವ್ತದ, ಕಣ್ಣು ರೋಡ್ ಮ್ಯಾಲೇ ಇರ್ತದ. ಇದರಾಗ ಸ್ಕ್ರೀನ್ ಮುಟ್ಟಿದ್ರ ಹಾಡಿನ ಪೇಜು, ಒಂದು ಸಲ ಹಿಂದ ಹೋಗಿ ಇನ್ನೊಂದು ಮುಟ್ಟಿದ್ರ ಮ್ಯಾಪು, ಬೆರಳು ತೊಯ್ದಿತ್ತು, ಮೂರ್ ಸಲ ಮುಟ್ಟಿದ್ರ ಒಮ್ಮಿ ತಗೋತಿತ್ತು. ಎದುರಿಗಿ ಕಬ್ಬಿನ ಲಾರಿ. ಕಡೀಕ ಗ್ಲಾಸ್ ಇಳಿಸಿ ತಲಿ ಹೊರಗ ಹಾಕಿ ನೋಡ್ಕೋತ ಸೈಡಿಗೆ ನಿಲ್ಲಿಸಿ ಅಂಗಿಯಿಂದ ವರಸಿದೆ. ಹತ್ತು ಲಕ್ಷದ ಮ್ಯಾಲಿನ ಗಾಡ್ಯಾಗ ಅಂಗಿಯಿಂದ ಗ್ಲಾಸ್ ವರಸೋದು.

ಸ್ವೀಡನ್‌ದ ವಿ ಬಿಲೇಗಾರೆ ಅನ್ನೋ ಪತ್ರಿಕಿದವ್ರು 2022 ದಾಗ ಇದನ್ನೇ ಅಳದು ನೋಡ್ಯಾರ. 110 ಕಿಲೋಮೀಟರ್ ಸ್ಪೀಡಿನಾಗ ಎಸಿ, ರೇಡಿಯೋ ಇಂಥ ಕೆಲವು ದಿನದ ಕೆಲಸ ಮಾಡ್ರಿ ಅಂದ್ರ, ಗುಂಡಿ ಇದ್ದ 2005 ರ ಹಳೇ ವೋಲ್ವೋದಾಗ 10 ಸೆಕೆಂಡ್ ಸಾಕಾಯ್ತು, ಸ್ಕ್ರೀನ್ ಇದ್ದ ಹೊಸ ಗಾಡಿಗಳ ಪೈಕಿ ಭಾಳ ಹಿಂದ ಬಿದ್ದಿದ್ದಕ್ಕ 44.6 ಸೆಕೆಂಡ್ ಬೇಕಾಯ್ತು. ಅಷ್ಟ್ ಹೊತ್ತಿನಾಗ ಗಾಡಿ 1 ಕಿಲೋಮೀಟರ್ ದಾಟಿ ಹೋಗಿರ್ತದ ರೀ. ಯುರೋಪಿನ ಸುರಕ್ಷತಾ ಪರೀಕ್ಷೆ ಯುರೋ ಎನ್‌ಸಿಎಪಿದವ್ರು 2026 ರಿಂದ ಇಂಡಿಕೇಟರ್, ಹಾರ್ನ್, ವೈಪರ್ ಇಂಥಾವಕ್ಕ ಕೈಗೆ ಸಿಗೋ ಗುಂಡಿ ಇಲ್ಲಂದ್ರ ಪೂರ್ತಿ ಮಾರ್ಕ್ಸ್ ಇಲ್ಲ ಅಂತ ಮಾಡ್ಯಾರ. ಗುಂಡಿ ಮತ್ತ ಬರ್ತಾವ, ಬಂದಾಗ ಕಂಪನಿದವ್ರು ಅದನ್ನೇ ಹೊಸ ಫೀಚರ್ ಅಂತ ಮಾರ್ತಾರ ನೋಡ್ತಿರ್ರಿ.

ಒಳಗಿನ ಬಣ್ಣ ಬೀಜ್ ಛಲೋನೋ, ಕರೀದು ಛಲೋನೋ?

ಬೀಜ್ ಅಂದ್ರ ಹಾಲ್ಕೆನಿ ಬಣ್ಣ. ಶೋರೂಮ್‌ದಾಗ ಅದೇ ಗೆಲ್ತದ, ಒಳಗ ದೊಡ್ಡದು ಕಾಣ್ತದ, ತಂಪು ಕಾಣ್ತದ. ಮೊದಲ್ನೇ ಮಳಿಗಾಲ ಹೊಲಕ್ಕ ಹೋಗಿ ಬಂದ ಮ್ಯಾಲ ನನ್ನ ಅಂಗಡಿಗೆ ಬರ್ತಾರ. ನಮ್ಮದು ಎರಿ ಮಣ್ಣು, ಚಪ್ಪಲಿಗೆ ಹತ್ತಿದ್ದು ಕಾರ್ಪೆಟ್ಟಿಗೆ ಹತ್ತಿ ಅಲ್ಲೇ ಮನಿ ಮಾಡ್ತದ. ಪಿಯಾನೋ ಬ್ಲಾಕ್ ಅಂತ ಹೊಳಿಯೋ ಕರೀ ಪ್ಲಾಸ್ಟಿಕ್ ಅದಲ್ಲ, ಅದಂತೂ ನಮ್ಮ ಸೀಮಿಗೆ ಮಾಡಿದ್ದೇ ಅಲ್ಲ. ಶಹಾಬಾದ್, ವಾಡಿ, ಸೇಡಂ ಕಡಿ ಗಿರಾಕಿ ಗಾಡಿ ಬಂದ್ರ ಮ್ಯಾಲ ಕಲ್ಲಿನ, ಸಿಮೆಂಟಿನ ಧೂಳು ಕೂತಿರ್ತದ, ಅದನ್ನ ಒಣ ಬಟ್ಟಿಲೆ ವರಸಿದ್ರ ಸಣ್ಣ ಸಣ್ಣ ಗೀರು ಬಿದ್ದು ಬಿಸಲಿಗೆ ಜೇಡನ ಬಲಿ ಕಂಡಂಗ ಕಾಣ್ತದ. ಮೈಕ್ರೋಫೈಬರ್ ಬಟ್ಟಿ ತೊಯ್ಸಿ ವರಸ್ರಿ, ಅದೂ ಒತ್ತಬ್ಯಾಡ್ರಿ. ಧೂಳಿಗೆ ಬೂದು ಬಣ್ಣ ಛಲೋ, ಆದ್ರ ಅದನ್ನ ಕೇಳೋ ಗಿರಾಕಿ ವರ್ಷಕ್ಕ ಒಬ್ಬ ಬರ್ತಾನ.

ಸನ್‌ರೂಫ್?

ಮೊದಲ್ನೇ ತಿಂಗಳು ಮಕ್ಕಳು ನಿಂತು ಕೈ ಬೀಸ್ತಾರ (ದಯವಿಟ್ಟು ನಿಂದ್ರಿಸಬ್ಯಾಡ್ರಿ, ಜೋರ್ ಬ್ರೇಕ್ ಹಾಕಿದ್ರ ಏನಾಗ್ತದ ಹೇಳಾಕ ಬಾಯಿ ಬರಲ್ಲ). ಮೇ ತಿಂಗಳಾಗ ಪರದಿ ಎಳದವ್ರು ಮಳಿ ಬರೋ ತನಕ ತಗಿಯಂಗಿಲ್ಲ. ಆದ್ರೂ ಮುಂದಿನ ಗಾಡಿಗೂ ಸನ್‌ರೂಫೇ ಬೇಕು ಅಂತಾರ. ಇದೊಂದರಾಗ ಅನುಭವ ಆದ್ರೂ ಅಭಿಪ್ರಾಯ ಬದಲಾಗ್ಲಿಲ್ಲ, ನನಗ ಇನ್ನೂ ಅರ್ಥ ಆಗಿಲ್ಲ.

ಕೆಲವು ಗಾಡಿ ಹಿಂದ ಡಿಕ್ಕಿ ಕತ್ತರಿಸಿದಂಗ ಯಾಕ್ ಇರ್ತದ?

ಟ್ಯಾಕ್ಸ್ ಸಂಬಂಧ. 2006 ರ ಬಜೆಟ್‌ದಾಗ ಉದ್ದ 4 ಮೀಟರ್ ಒಳಗ, ಪೆಟ್ರೋಲ್ ಆದ್ರ 1200 ಸಿಸಿ, ಡೀಸೆಲ್ ಆದ್ರ 1500 ಸಿಸಿ ತನಕ ಇದ್ರ ಎಕ್ಸೈಸ್ ಕಮ್ಮಿ ಅಂತ ಮಾಡಿದ್ರು. ಡಿಸೈರ್ 2008 ದಾಗ ಬಂದಾಗ 4 ಮೀಟರ್ ದಾಟಿತ್ತು, ಸ್ವಿಫ್ಟಿಗೆ ಡಿಕ್ಕಿ ಅಂಟಿಸಿದಂಗ ಕಾಣ್ತದ ಅಂತಿದ್ರು. 2012 ದಾಗ ಅದನ್ನ 3995 ಮಿಲಿಮೀಟರಿಗೆ ಇಳಿಸಿದ್ರು, ಈಗ ಡಿಕ್ಕಿ ಗರಗಸದಿಂದ ಕೊಯ್ದಂಗದ ಅಂತ ಬೈದ್ರು. ಬೈಕೋತ ಬೈಕೋತ ತಗೊಂಡ್ರು, ಈಗ ಮದುವಿ ಸೀಸನ್‌ದಾಗ ಕಲ್ಯಾಣ ಮಂಟಪದ ಮುಂದ ಎಣಿಸ್ರಿ ಎಷ್ಟ್ ಡಿಸೈರ್ ಅವ ಅಂತ. 2024 ನವೆಂಬರ್‌ದಾಗ ಬಂದ ಹೊಸಾದು ಉದ್ದ ಅಷ್ಟೇ ಇದ್ರೂ ಒಂದೇ ಅಚ್ಚಿನಿಂದ ತಗದಂಗ ಕಾಣ್ತದ, ಇಷ್ಟಕ್ಕ ಹದಿನಾರು ವರ್ಷ ಬೇಕಾಯ್ತು ನೋಡ್ರಿ. 2025 ಸೆಪ್ಟೆಂಬರ್ 22 ರಿಂದ ಇಂಥ ಸಣ್ಣ ಗಾಡಿಗೆ ಜಿಎಸ್‌ಟಿ 18 ಪರ್ಸೆಂಟ್, ದೊಡ್ಡಾವಕ್ಕ 40, ಹಂಗಾಗಿ 4 ಮೀಟರ್ ಗೆರಿ ಇನ್ನೂ ಭಾಳ ದಿನ ಇರ್ತದ, ನಿಮ್ಮ ಕಣ್ಣೇ ಹೊಂದ್ಕೋಬೇಕು.

ಈಗಿನ ಎಲ್ಲಾ ಗಾಡಿ ಮೂಗು ಎತ್ತರ ಯಾಕ?

ಮಂದಿಗೆ ಎಸ್‌ಯುವಿ ಹುಚ್ಚು ಹಿಡದದ, ಅದು ಒಂದು. ಇನ್ನೊಂದು, ಅಡ್ಡ ಬಂದ ಮನುಷ್ಯಾಗ ಬಡದ್ರ ತಲಿ ಬಾನೆಟ್ ಮ್ಯಾಲ ಬೀಳ್ತದ, ಬಾನೆಟ್‌ಗೂ ಕೆಳಗಿನ ಇಂಜಿನ್‌ಗೂ ನಡುವ ಜಾಗ ಇದ್ರ ತಗಡು ತಗ್ಗಿ ಪೆಟ್ಟು ಕಮ್ಮಿ ಆಗ್ತದ. ಅದಕ್ಕ ನಿಯಮ ಬಂದಾವ, ಅದಕ್ಕ ಹಳೇ ಝೆನ್‌ಅಂಥ ಚಪ್ಪಟಿ ಮೂಗು ಈಗ ಹುಟ್ಟಂಗಿಲ್ಲ. ಕೆಟ್ಟ ಕಾಣ್ತದ ಅನ್ನೋವ್ರಿಗೆ ನಾ ಇದು ಹೇಳಿದ್ರ ಸುಮ್ಮನಾಗ್ತಾರ. ಕಾರಣ ಗೊತ್ತಾದ್ರೂ ಕಣ್ಣು ಸ್ವಲ್ಪ ಜಲ್ದಿ ಒಪ್ತದ.

ಹಳೇ ಗಾಡಿನೇ ಚಂದ ಇದ್ವು ಅಂತಾರಲ್ಲ ಹಿರಿಯರು?

ಅವತ್ತು ಹಂಗ ಅಂದಿರ್ಲಿಲ್ಲ ಅವ್ರು! ಮಾರುತಿ 800 1983 ಡಿಸೆಂಬರ್‌ದಾಗ ಬಂದಾಗ ಅಂಬಾಸಿಡರ್ ಓಡಿಸಿದವ್ರು "ಇದು ಎಮ್ಮಿ ಬಾಲ ಬೀಸಿದ್ರ ಬೀಳ್ತದ" ಅಂದಿದ್ರಂತ. ಅದೇ ಮಂದಿ ಈಗ 800 ನೋಡಿ ಕಣ್ಣೀರು ತಗೀತಾರ. ಟಾಟಾ ಸಿಯೆರಾ ನೋಡ್ರಿ, 1991 ದಾಗ ಬಂದಿತ್ತು, ಮೂರೇ ಬಾಗಲಾ, ಹಿಂದ ಛತ್ತಿನ ತನಕ ತಿರುವಿದ ಗ್ಲಾಸು. ಹಿಂದ ಕೂಡೋರು ಸೀಟ್ ಮಡಚಿ ನುಸುಳಬೇಕು, ಸೀರಿ ಉಟ್ಟವ್ರು ಹ್ಯಾಂಗ ಕೂಡ್ಬೇಕು, ಭಾಳ ಮಂದಿ ತಗೊಳ್ಳಿಲ್ಲ. ತಗೊಳ್ದವ್ರೇ ಮೂವತ್ತು ವರ್ಷ ಅದನ್ನ ನೆನಸ್ಕೊಂಡ್ರು. 2025 ನವೆಂಬರ್‌ದಾಗ ಅದೇ ಹೆಸರಿನ ಹೊಸ ಗಾಡಿ ಬಂದದ, ಐದು ಬಾಗಲಾ, ಹಿಂದಿನ ಗ್ಲಾಸಿನ ಆಕಾರ ಮಾತ್ರ ಕಣ್ಣಿಗೆ ಕಾಣೋ ಹಂಗ ಉಳಿಸ್ಯಾರ. ಅಂದ್ರ ಮಂದಿಗೆ ನೆನಪಿಗೆ ಗ್ಲಾಸ್ ಬೇಕು, ಕೂಡಾಕ ಬಾಗಲಾ ಬೇಕು.

ತಗೋಳ್ಳೋ ಮೊದ್ಲು ಹ್ಯಾಂಗ ನೋಡ್ಬೇಕು?

ಮಧ್ಯಾಹ್ನ ಎರಡಕ್ಕ ಹೋಗ್ರಿ, ಸಂಜಿಗೆ ಬ್ಯಾಡ. ಗಾಡಿ ಬಿಸಲಾಗ ನಿಲ್ಲಿಸಾಕ ಹೇಳ್ರಿ, ಆಗ ಡ್ಯಾಶ್‌ಬೋರ್ಡ್ ನೆರಳು ಗ್ಲಾಸಿನಾಗ ಕಾಣ್ತದೋ ಇಲ್ಲೋ, ಸ್ಕ್ರೀನ್ ಓದಾಕ ಬರ್ತದೋ ಇಲ್ಲೋ ತಿಳೀತದ. ಮನ್ಯಾಗ ಮೊಳಕಾಲು ನೋವಿರೋ ಅತ್ತಿ, ಅವ್ವ ಇದ್ರ ಅವ್ರನ್ನ ಕರ್ಕೊಂಡು ಹೋಗಿ ಹಿಂದಿನ ಸೀಟಿಗೆ ಐದು ಸಲ ಹತ್ತಿ ಇಳಿಸ್ರಿ, ಸೇಲ್ಸ್ ಹುಡುಗ ಏನ್ ಅಂದ್ಕೊಂಡ್ರೂ ಅಂದ್ಕೊಳ್ಳಿ. ಕಣ್ಣು ಮುಚ್ಚಿ ಎಸಿ ಕಮ್ಮಿ ಮಾಡಾಕ ಬರ್ತದೇನು ನೋಡ್ರಿ. ಬಾನೆಟ್ ಕೊನಿ ಕಾಣ್ತದೇನು ನೋಡ್ರಿ, ನಮ್ಮ ಸೂಪರ್ ಮಾರ್ಕೆಟ್ ಗಲ್ಲಿಯಾಗ ಅದು ಬೇಕು. ಇಷ್ಟೂ ಆದ ಮ್ಯಾಲ ಮಾರಿ ಚಂದಿಲ್ಲ ಅನಿಸಿದ್ರ ಎರಡು ವಾರ ತಡೀರಿ, ರೋಡ್ ಮ್ಯಾಲ ಅಂಥಾವು ನಾಕ್ ನೋಡ್ರಿ, ಆಮ್ಯಾಲ ಬುಕ್ ಮಾಡ್ರಿ. ಕ್ರೋಮ್ ಪಟ್ಟಿ ಹಚ್ಚಾಕ ನನ್ನ ಬಲ್ಲಿ ಬರಬ್ಯಾಡ್ರಿ, ಹಚ್ಚಲ್ಲ.

ನಿಮ್ಮದೇ ಅಭಿಪ್ರಾಯ ಬದಲಾಗಿದ್ದು ಯಾವ ಗಾಡಿಗೆ?

ರಿಟ್ಜ್. 2009 ದಾಗ ಬಂದಾಗ ಹಿಂದಿನ ಲೈಟು ಬಾಗಿಸಿದ್ದು ನೋಡಿ ಯಾರೋ ಹಿಂದಿಂದ ಗುದ್ದ್ಯಾರ ಅಂತ ಅಂಗಡ್ಯಾಗ ಜೋಕ್ ಮಾಡ್ತಿದ್ದೆ. ಈಗ ನಾ ಓಡ್ಸೋದು ಅದೇ, ಕೆಎ 32, ಸೆಕೆಂಡ್ ಹ್ಯಾಂಡ್, ಎಂಟು ವರ್ಷ ಆಯ್ತು. ಎತ್ತರ ಕೂಡ್ತೀನಿ, ಗುಂಡಿ ಎಲ್ಲಾ ಕೈಗೆ ಸಿಗ್ತಾವ. ಹಿಂದಿನ ಲೈಟು ಇವತ್ತಿಗೂ ಗುದ್ದಿದಂಗೇ ಅದ ಅನ್ನೋದು ಖರೆ, ಆದ್ರ ಬ್ಯಾರೆಯವ್ರು ಅಂದ್ರ ಸಿಟ್ಟು ಬರ್ತದ.

ಕಡೀ ಪ್ರಶ್ನೆ, ಗಾಡಿ ಬಿಳಿದು ತಗೋಬೇಕೋ ಕರೀದು ತಗೋಬೇಕೋ?

ಬಿಳಿದು. ಕರೀದು ಶೋರೂಮ್‌ದಾಗ ಹೀರೋ ಕಂಡಂಗ ಕಾಣ್ತದ, ಒಪ್ತೀನಿ. ಏಪ್ರಿಲ್ ಬರ್ಲಿ, ನಮ್ಮ ಅಂಗಡಿ ಮುಂದ ನಿಂದ್ರಿಸಿ ಒಂದು ಚಹಾ ಕುಡದು ಬಂದು ಬಾಗಲಾ ಹಿಡಕಿ ಮುಟ್ಟಿ ನೋಡ್ರಿ.